ಘಟ್ಟದಲ್ಲೂ ತೆರೆಯುವ ವೆಬ್ ಆ್ಯಪ್ ಬೇಕೆ?

ಅಡಿಕೆ ಧಾರಣೆಯ ವೆಬ್ ಆ್ಯಪ್ ಆಗಲಿ, ಮಕ್ಕಳ ಪುಟ್ಟ ಗೇಮ್ ಆಗಲಿ, ಮಾಡುವವರು ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಒಮ್ಮೆ ತೆರೆದು ನೋಡಿ. ಸಿಗ್ನಲ್ ಹೋದೊಡನೆ ಆ್ಯಪ್ ಕೈಕೊಟ್ಟರೆ ಸರ್ವಿಸ್ ವರ್ಕರ್ (ಉಳಿಸಿಟ್ಟ ಕಡತಗಳಿಂದ ಆ್ಯಪ್ ತೆರೆಸುವ, ಬ್ರೌಸರ್ ಹಿನ್ನೆಲೆಯಲ್ಲಿ ಓಡುವ ಕೋಡ್) ಬೇಕು. ಹಾಗೆಂದು ಎಲ್ಲವನ್ನೂ ಮೊದಲೇ ಫೋನಿನೊಳಗಿನ ಸಂಗ್ರಹವಾದ ಕ್ಯಾಶ್‌ಗೆ ತುರುಕಬೇಡಿ. ಗೇಮ್‌ಗೆ ಚೌಕಟ್ಟು, ಫಾಂಟ್, ಮೊದಲ ಹಂತದ ಚಿತ್ರಗಳು ಸಾಕು. ಉಳಿದ ಹಂತಗಳ ಸಂಗೀತ ಆಮೇಲೆ ಇಳಿಯಲಿ.

ಧಾರಣೆಯ ವಿಷಯ ಬೇರೆ: ಮೊದಲು ನೆಟ್‌ವರ್ಕ್, ಸಿಗದಿದ್ದರೆ ಮಾತ್ರ ಕ್ಯಾಶ್, ಜೊತೆಗೆ ‘ನಿನ್ನೆ ಸಂಜೆ 5ರ ದರ’ ಎಂದು ದಪ್ಪಕ್ಷರದಲ್ಲಿ. ಹಳೆಯ ದರವನ್ನು ಇಂದಿನದೆಂದು ತೋರಿಸುವುದಕ್ಕಿಂತ ಏನೂ ತೋರಿಸದಿರುವುದೇ ಲೇಸು.

ಇನ್ನೊಂದು ಮಾತು. ಬಳಕೆದಾರರು ಆ್ಯಪಲ್‌ನ ಸಫಾರಿ ಬ್ರೌಸರ್ ಬಳಸುತ್ತಿದ್ದರೂ 7 ದಿನ ನಿಮ್ಮ ತಾಣವನ್ನು ಮುಟ್ಟದಿದ್ದರೆ, ತಾಣ ಉಳಿಸಿಟ್ಟ ಗೇಮ್ ಅಂಕಗಳನ್ನು ಬ್ರೌಸರ್ ಅಳಿಸುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ ಆ್ಯಪ್‌ಗೆ ಈ ಕಾಟವಿಲ್ಲ. ಆದರೂ ಸರ್ವರ್‌ನಲ್ಲೊಂದು ಪ್ರತಿ ಇರಲಿ.