ಹುಣಸೆಬೀಜ ಮೊದಲು, ಮೊಬೈಲು ಆಮೇಲೆ

ಹೊಸನಗರ ತಾಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಟೀಚರ್ ನಾನು. ಜುಲೈ ಮಳೆಯಲ್ಲಿ ನಮ್ಮ ಸ್ಮಾರ್ಟ್ ಕ್ಲಾಸ್ ಟೀವಿ ಟಾರ್ಪಾಲಿನ ಕೆಳಗೆ ಬೆಚ್ಚಗೆ ಮಲಗಿರುತ್ತದೆ. ಸಿಗ್ನಲ್ ಬೇಕಾದರೆ ಶಾಲೆಯ ಹಿಂದಿನ ಧರೆ ಹತ್ತಬೇಕು, ಅಲ್ಲೂ ಎರಡೇ ಕಡ್ಡಿ. ಹಾಗಾಗಿ ಸಂಭವನೀಯತೆ ಪಾಠಕ್ಕೆ ನಾನು ನೆಚ್ಚಿರುವುದು ಹುಣಸೆಬೀಜ ಹಾಕಿ ಕಾಯಿ ನಡೆಸುವ ಚೌಕಾಬಾರವನ್ನು. ಮೊಬೈಲ್ ಒಂದೇ ಸಾಕು, ಅದೂ ನನ್ನದು.

ಹುಣಸೆಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಮೈ ಬೆಳ್ಳಗಾಗುವವರೆಗೆ ತೇಯ್ದುಕೊಂಡು ಬರಲು ಹಿಂದಿನ ದಿನವೇ ಹೇಳಿ. ಎಂಟು ಗುಂಪು ಮಾಡಿ, ಗುಂಪಿಗೆ ನಾಲ್ಕು ಬೀಜ. ಎಷ್ಟು ಬಿಳಿ ಮೇಲೆ ಬಂತೋ ಅಷ್ಟು ಬಿದ್ದ ಹಾಗೆ, ಒಂದೂ ಬಾರದಿದ್ದರೆ ಎಂಟು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಐದೈದು ಮನೆ ಬರೆದು ಒಂದು ಪೀರಿಯಡ್ ಪೂರ್ತಿ ಆಡಲು ಬಿಡಿ. ಪಾಠದ ಮಾತೇ ಎತ್ತಬೇಡಿ. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಟ್ಟಿರಿ.

ಮರುದಿನ ಒಂದೇ ಪ್ರಶ್ನೆ: ನಾಲ್ಕೋ ಎಂಟೋ ಬಿದ್ದರೆ ಮಾತ್ರ ಇನ್ನೊಂದು ಸಲ ಹಾಕುವ ಅವಕಾಶ ಯಾಕೆ? ಎರಡು ಬಿದ್ದವರು ಏನು ಪಾಪ ಮಾಡಿದ್ದರು?

ಈಗ ಒಂದೊಂದು ಗುಂಪೂ 20 ಸಲ ಬೀಜ ಹಾಕಿ ಗೀಟು ಎಳೆದು ಲೆಕ್ಕ ಇಡಲಿ. ಎಂಟು ಗುಂಪು ಸೇರಿ 160. ಬೋರ್ಡಿನ ಮೇಲೆ ಕೂಡಿಸುವ ಮೊದಲು ಯಾವುದು ಎಷ್ಟು ಸಲ ಬಿದ್ದಿರಬಹುದು ಅಂತ ಊಹೆ ಕೇಳಿ. ನನ್ನ ಕ್ಲಾಸಿನಲ್ಲಿ ಪ್ರತಿವರ್ಷ ಬರುವ ಉತ್ತರ ಒಂದೇ: "ಐದೇ ಥರ ಬೀಳೋದು ಟೀಚರ್, ಹಂಗಾಗಿ ಐದರಲ್ಲಿ ಒಂದು." ಈ ತಪ್ಪನ್ನು ಅವಸರದಲ್ಲಿ ತಿದ್ದಬೇಡಿ, ಇಡೀ ಪಾಠ ಇರುವುದೇ ಇಲ್ಲಿ. ನಾಲ್ಕು ಬೀಜಕ್ಕೂ ಬೇರೆಬೇರೆ ಬಣ್ಣದ ಚುಕ್ಕೆ ಇಡಿಸಿ. 'ಎರಡು' ಬೀಳಬೇಕಾದರೆ ಯಾವ್ಯಾವ ಎರಡು ಬೀಜದ ಬಿಳಿ ಮೇಲಿರಬೇಕು ಅಂತ ಬರೆಸಿದರೆ ಆರು ದಾರಿ ಸಿಗುತ್ತವೆ. ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಇವಕ್ಕೆ ಒಂದೊಂದೇ ದಾರಿ. ಒಟ್ಟು 16. ಬೀಜದ ಎರಡೂ ಮೈ ಸಮ ಅಂತ ಹಿಡಿದರೆ 160ಕ್ಕೆ ಎರಡು 60 ಸಲ, ಒಂದು ಮತ್ತು ಮೂರು ತಲಾ 40 ಸಲ, ನಾಲ್ಕು ಮತ್ತು ಎಂಟು ಹತ್ತತ್ತು ಸಲ ಬರಬೇಕು. ಅಪರೂಪಕ್ಕೆ ಬೀಳುವುದಕ್ಕೇ ಬಹುಮಾನ! ಆಟ ಕಟ್ಟಿದವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು.

ಮೊಬೈಲು ಈಗ ಹೊರಗೆ ಬರಲಿ. ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆಯನ್ನು ಸಿಗ್ನಲ್ ಇರುವಾಗಲೇ ತೆರೆದು ಆಫ್‌ಲೈನ್‌ಗೆ ಇಟ್ಟುಕೊಂಡಿರಿ. ಮೊದಲ ಚೌಕದಲ್ಲಿ ಸಮ ಚಿಹ್ನೆ ಹಾಕಿ, ರ‍್ಯಾಂಡ್‌ಬಿಟ್ವೀನ್(0,1) ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಸಲ ಬರೆದು ನಡುವೆ ಪ್ಲಸ್ ಹಾಕಿ. ಒಂದೊಂದೂ ಸೊನ್ನೆಯನ್ನೋ ಒಂದನ್ನೋ ಮನಬಂದಂತೆ ಕೊಡುತ್ತದೆ, ಅದು ನಾಲ್ಕು ಬೀಜ ಹಾಕಿದ ಹಾಗೆ. ಸೊನ್ನೆ ಬಂದರೆ ನಮ್ಮ ಎಂಟು. ಅದನ್ನೇ ಕಾಪಿ ಮಾಡಿ 1000 ಸಾಲಿಗೂ ಅಂಟಿಸಿ. ಪಕ್ಕದ ಕಾಲಮ್ಮಿನಲ್ಲಿ ಕೌಂಟ್‌ಇಫ್ ಹಾಕಿದರೆ ಯಾವುದು ಎಷ್ಟು ಸಲ ಅಂತ ಎಣಿಸಿಕೊಡುತ್ತದೆ. ಎರಡು ಸುಮಾರು 375 ಸಲ, ಎಂಟು 60ರ ಆಸುಪಾಸು ಬರುತ್ತದೆ. ಯಾವ ಚೌಕದಲ್ಲಿ ಏನು ಬರೆದರೂ ಸಾವಿರ ಸಾಲೂ ಹೊಸದಾಗಿ ಬದಲಾಗುತ್ತವೆ. ಮೊದಲ ಸಲ ನನಗೂ ಗಾಬರಿಯಾಗಿತ್ತು. ಈಗ ಹುಡುಗರ ಕೈಯಲ್ಲೇ ಬದಲಾಯಿಸಿಸಿ, ಸಂಖ್ಯೆ ಎಷ್ಟೆಷ್ಟು ಹಿಂದೆಮುಂದೆ ಆಗುತ್ತದೆ ಅಂತ ಬರೆಸುತ್ತೇನೆ.

ಕೊನೆಗೆ ಬೋರ್ಡಿನ 160ನ್ನೂ ಮೊಬೈಲಿನ ಸಾವಿರವನ್ನೂ ಪಕ್ಕಪಕ್ಕ ಇಡಿ. ಹೋದ ವರ್ಷ ನಮ್ಮ ಬೋರ್ಡಿನಲ್ಲಿ ಎಂಟು ಬಿದ್ದದ್ದು, ಬರಬೇಕಿದ್ದ ಹತ್ತು ಸಲದ ಎರಡು ಪಟ್ಟು ದಾಟಿತ್ತು. ಮೊಬೈಲ್ ಸುಳ್ಳೋ ಬೀಜ ಸುಳ್ಳೋ ಅಂತ ಜಗಳ ಶುರುವಾಯಿತು. ತೇಯ್ದ ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು, ಎರಡೂ ಸಮ ಬೀಳಬೇಕು ಅಂತ ಎಲ್ಲಿದೆ ಅಂದವಳು ಹಿಂದಿನ ಬೆಂಚಿನ ಹುಡುಗಿ. ನಾನು ಬಾಯಿ ಬಿಟ್ಟಿರಲಿಲ್ಲ.

ಮರುದಿನ ಒಬ್ಬ ಹುಡುಗ ಅಜ್ಜಿಯ ಬೀಜದ ಡಬ್ಬಿಯನ್ನೇ ಹೊತ್ತು ತಂದ. ಅದರಲ್ಲಿ ನಾಲ್ಕು ಜಾಸ್ತಿ ಬೀಳುತ್ತಿತ್ತು. ಬೀಜದ ಪರೀಕ್ಷೆ ಮುಗಿಯದಿದ್ದರೂ ವಾಪಸ್ ಕಳಿಸಿ ಅಂತ ಅಜ್ಜಿ ಹೇಳಿ ಕಳಿಸಿದ್ದರು, ಸಂಜೆ ಆಟ ಇದೆಯಂತೆ.