ಬೇಳೆ ಬೇಯ್ತಿಲ್ವಾ? ಕುಕ್ಕರ್ ಬೈಯಬೇಡಿ, ನೀರು ನೋಡಿ

ಬೋರ್‌ವೆಲ್ ನೀರಿನ ಮನೆಗೆ ಬಂದ ಮೇಲೆ ನಮ್ಮಲ್ಲಿ ತೊಗರಿಬೇಳೆ 6 ವಿಷಲ್ ಕೂಗಿದರೂ ಬೇಯುತ್ತಿರಲಿಲ್ಲ. ಅಂಗಡಿಯವರು ಹಳೇ ಬೇಳೆ ಕೊಟ್ಟಿದ್ದಾರೆ ಅಂತ ಸುಮ್ನೆ ಬೈದುಕೊಂಡಿದ್ದೆ. ಒಂದು ದಿನ ಅದೇ ಬೇಳೆಯನ್ನು ಆರ್‌ಒ ನೀರಲ್ಲಿ ಇಟ್ಟೆ, 3 ವಿಷಲ್‌ಗೆ ಬೆಣ್ಣೆಯಂತೆ ಬೆಂದಿತ್ತು!

ವಿಷಯ ಇಷ್ಟೇ. ಕಾಳಿನ ಒಳಗಿನ ಕೋಶಗಳನ್ನು ಪೆಕ್ಟಿನ್ ಅನ್ನೋ ಅಂಟು ಹಿಡಿದಿಟ್ಟಿರುತ್ತದೆ. ಅದು ಸಡಿಲವಾದರೆ ಬೇಳೆ ಬೆಂದಂತೆ. ನಮ್ಮ ಬೋರ್‌ವೆಲ್‌ನದು ಗಡಸು ನೀರು, ಅದರಲ್ಲಿ ಜಾಸ್ತಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಅಂಟನ್ನು ಇನ್ನೂ ಗಟ್ಟಿ ಮಾಡುತ್ತವೆ. ಹುಳಿಯೂ ಅಷ್ಟೇ, ಪೆಕ್ಟಿನ್ ಸಡಿಲವಾಗಲು ಬಿಡುವುದಿಲ್ಲ, ಅದಕ್ಕೇ ಬೇಳೆ ಬೆಂದ ಮೇಲೆ ಹುಣಸೆರಸ ಹಾಕು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು.

ಆರ್‌ಒ ಇಲ್ಲದಿದ್ದರೆ ನೀರನ್ನು 10 ನಿಮಿಷ ಕುದಿಸಿ ಆರಲು ಬಿಡಿ. ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂರುತ್ತದೆ. ಮೇಲಿನ ತಿಳಿ ನೀರನ್ನಷ್ಟೇ ಬೇಳೆಗೆ ಹಾಕಿ. ಗಡಸು ಪೂರ್ತಿ ಹೋಗಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕಡಲೆಕಾಳು, ಅಲಸಂದೆಯಾದರೆ ರಾತ್ರಿ ನೆನೆಸುವಾಗ ಲೀಟರ್ ನೀರಿಗೆ 2 ಟೀ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಬೇಯಿಸಿ. ಉಪ್ಪಿನ ಸೋಡಿಯಂ ಒಂದಿಷ್ಟು ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತಾರಲ್ವಾ, ನಾನೂ ನಂಬಿದ್ದೆ.

ಅಡುಗೆ ಸೋಡಾ ಹಾಕಿದರೂ ಬೇಗ ಬೇಯುತ್ತದೆ ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ಜಾಸ್ತಿಯಾದರೆ ಸಾರಿಗೆ ಸೋಪಿನ ರುಚಿ ಬರುತ್ತದೆ. ನಾನಂತೂ ಬಿಟ್ಟಿದ್ದೇನೆ.