ಹೊಸ ಸಿನಿಮಾ ನೋಡಿ ಬಂದು ಎಂಟು ಸಾಲು ಬರೆಯುವ ಬಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿಯವರಿಗೆ ಮಲ್ಟಿಪ್ಲೆಕ್ಸೇ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು, ಹೋಗಿಬರಲು ಹತ್ತಿರಹತ್ತಿರ 200 ಕಿಲೋಮೀಟರ್. ಕಾರವಾರದವರಿಗೆ ಮಡಗಾಂವ್ ಹತ್ತಿರ, ಆದರೆ ಅಲ್ಲಿ ಕನ್ನಡ ಸಿನಿಮಾ ಸಿಕ್ಕೀತೆಂಬ ಭರವಸೆ ಇಲ್ಲ. ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ‘ಹೆಂಗಿದೆ?’ ಎಂದು ಕೇಳುವವರಿಗೆ ತಿಳಿಯಬೇಕಾದದ್ದು ಒಂದೇ: ಬಸ್ಸು ಹತ್ತಬೇಕೋ, ಊರಿನ ಥಿಯೇಟರಿಗೆ ಬರಲಿ ಎನ್ನಬೇಕೋ, ಒಟಿಟಿಗೆ ಕಾಯಬೇಕೋ. ‘ಸೂಪರ್’, ‘ಬೋರ್’ ಎಂಬ ಉತ್ತರದಿಂದ ಅವರಿಗೇನೂ ದಕ್ಕದು. ಅಭಿಪ್ರಾಯ ಏನೇ ಇರಲಿ, ಅದು ಸಿನಿಮಾದ ಯಾವ ಜಾಗದಲ್ಲಿ ಹುಟ್ಟಿತು ಎಂದು ತೋರಿಸಿ. ಓದುವವರು ತಮ್ಮ ರುಚಿಗೆ ತಕ್ಕಂತೆ ತೂಗಿಕೊಳ್ಳುತ್ತಾರೆ.

ಶುರುವಿನಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರ ನೋಡಿಕೊಳ್ಳಿ. ಅವಧಿ ಅದರಲ್ಲೇ ಇರುತ್ತದೆ. 2024ರ ಹೊಸ ನಿಯಮದಲ್ಲಿ ಯುಎ ವರ್ಗ (ಮಕ್ಕಳು ನೋಡುವುದಾದರೆ ಹೆತ್ತವರ ಮಾರ್ಗದರ್ಶನ ಬೇಕಾದದ್ದು) 7, 13, 16 ವರ್ಷ ಎಂದು ಮೂರು ಪಾಲಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈ ಒಂದು ಅಂಕಿ ನಿಮ್ಮ ಉಳಿದ ಏಳು ಸಾಲಿಗಿಂತ ಹೆಚ್ಚು ಉಪಕಾರಿ. ಒಳಗೆ ಮೊಬೈಲ್ ತೆಗೆದು ಬರೆದುಕೊಳ್ಳಬೇಡಿ, ಹಿಂದಿನ ಸಾಲಿನವರು ಬೈಯುತ್ತಾರೆ. ಮೂರು ಜಾಗ ನೆನಪಿಟ್ಟರೆ ಸಾಕು: ಮೊದಲ ಸಲ ಗಡಿಯಾರ ನೋಡಿದ್ದು ಎಲ್ಲಿ, ಇಂಟರ್‌ವಲ್ ಬಿದ್ದದ್ದು ಎಲ್ಲಿ, ಸೀಟಿಯವರೂ ಸುಮ್ಮನಾದದ್ದು ಎಲ್ಲಿ. ಹೊರಗೆ ಬಂದ ಅರ್ಧ ಗಂಟೆಯೊಳಗೆ ಗುರುತು ಹಾಕಿಕೊಳ್ಳಿ. ಚಾ ಅಂಗಡಿಯ ಚರ್ಚೆ ಮುಗಿದ ಮೇಲೆ ಯಾವುದು ನಿಮ್ಮ ಮಾತು, ಯಾವುದು ಗೆಳೆಯನದು ಎಂದು ಬೇರ್ಪಡಿಸುವುದು ಕಷ್ಟ.

ಎಲ್ಲರೂ ಬರೆಯುವ ಸಾಲು ಇದು: ‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್.’ ಅದನ್ನೇ ಹೀಗೆ ಬಿಡಿಸಿ: ‘ಇಂಟರ್‌ವಲ್ ಆದಮೇಲೆ ತನಿಖೆ ನಿಂತೇಹೋಗುತ್ತದೆ. ಇನ್‌ಸ್ಪೆಕ್ಟರ್ ಮನೆಯ ಜಗಳಕ್ಕೆ ಎರಡು ಹಾಡು, ಒಂದು ಫ್ಲ್ಯಾಶ್‌ಬ್ಯಾಕ್. ಕೊಲೆಗಾರ ಸಿಗುವ ಹೊತ್ತಿಗೆ ಸತ್ತವರು ಯಾರು ಎನ್ನುವುದೇ ಮರೆತಿರುತ್ತದೆ.’ ಸಂಸಾರದ ಕಥೆ ಇಷ್ಟಪಡುವವರು ಇದನ್ನು ಓದಿಯೂ ಹೋಗಬಹುದು. ಹೋಗಲಿ, ಅದೂ ಒಳ್ಳೆಯದೇ.

ಥ್ರಿಲ್ಲರ್‌ಗೆ ಹೆಚ್ಚು ಎಚ್ಚರ ಬೇಕು. ಟ್ರೇಲರ್‌ನಲ್ಲಿ ಇರುವುದು ಮತ್ತು ಮೊದಲ 25 ನಿಮಿಷದೊಳಗೆ ನಡೆಯುವುದು, ಇಷ್ಟನ್ನು ಹೇಳಬಹುದು. ‘ಕೊನೆಗೊಂದು ಟ್ವಿಸ್ಟ್ ಇದೆ’ ಎಂದರೂ ಅರ್ಧ ಗುಟ್ಟು ರಟ್ಟಾದಂತೆಯೇ. ಓದಿದವರು ಮೊದಲಿನಿಂದಲೂ ಅತಿ ಒಳ್ಳೆಯವನಾಗಿ ಕಾಣುವವನ ಮೇಲೇ ಕಣ್ಣಿಡುತ್ತಾರೆ. ನೀವು ಮಾತ್ರ ಕೊನೆಯಿಂದ ಹಿಂದಕ್ಕೆ ನಡೆದು ಪರೀಕ್ಷಿಸಿ. ಸುಳಿವು ಮುಂಚೆಯೇ ಕಣ್ಣಿಗೆ ಬಿದ್ದಿತ್ತೇ? ಯಾವ ಪಾತ್ರವೂ ಹೇಳದ ಸುಳ್ಳನ್ನು ಕ್ಯಾಮೆರಾ ತಾನಾಗಿ ತೋರಿಸಿತೇ? ಕೊಲೆಗಾರನಿಗೆ ಅಷ್ಟು ಹೊತ್ತು ಇತ್ತೇ? ಕಾರವಾರದಿಂದ ಶಿರಸಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಘಟ್ಟ ಬೇರೆ ಹತ್ತಬೇಕು. ಎಂಟಕ್ಕೆ ಕಡಲ ದಂಡೆಯಲ್ಲಿದ್ದವನು ಎಂಟೂವರೆಗೆ ಮಾರಿಗುಡಿಯ ಮುಂದೆ ನಿಂತಿದ್ದರೆ, ಮತ್ತು ಕಥೆ ಆ ಅರ್ಧ ಗಂಟೆಯ ಮೇಲೇ ನಿಂತಿದ್ದರೆ, ಅದು ದೊಡ್ಡ ತೂತು. ಹಾಡಿನಲ್ಲಿ ಗೋಕರ್ಣದಿಂದ ಯಾಣಕ್ಕೆ ಒಂದೇ ಹೆಜ್ಜೆಗೆ ಹಾರಿದರೆ ತಕರಾರು ಬೇಡ. ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರಂದು. 2025ರ ಕಥೆಯಲ್ಲಿ ಅದರ ಮೇಲೆ ಕಾರು ಓಡಿದರೆ ನಕ್ಕುಬಿಡಿ. ಕಥೆಗೆ ಅದರಿಂದ ಪೆಟ್ಟಾಗದಿದ್ದರೆ ಅಂಕ ಕಳೆಯಬೇಡಿ.

ಹಾರರ್‌ನಲ್ಲಿ ಜನ ಹೆಚ್ಚಾಗಿ ಹೆದರುವುದು ಚಿತ್ರಕ್ಕಲ್ಲ, ಸದ್ದಿಗೆ. ನಿಶ್ಶಬ್ದ, ಅರೆತೆರೆದ ಬಾಗಿಲು, ಢಮಾರ್! ಇದೇ ಕ್ರಮ ಮೂರನೇ ಸಲ ಬಂದರೆ ಬರೆದುಕೊಳ್ಳಿ. ಒಟಿಟಿಯಲ್ಲಿ ನೋಡುವುದಾದರೆ ಆ ದೃಶ್ಯವನ್ನು ಮತ್ತೊಮ್ಮೆ ಮ್ಯೂಟ್ ಮಾಡಿ ನೋಡಿ. ಆಗಲೂ ಮೈ ಜುಮ್ಮೆಂದರೆ ಹೊಗಳಿಕೆ ನಿರ್ದೇಶಕರಿಗೆ, ಇಲ್ಲವಾದರೆ ಸೌಂಡ್ ಇಂಜಿನಿಯರಿಗೆ. ‘ಕತ್ತಲಲ್ಲಿ ಏನೂ ಕಾಣಲಿಲ್ಲ’ ಎಂದು ಛಾಯಾಗ್ರಾಹಕರನ್ನು ಬೈಯುವ ಮುನ್ನ ಪ್ರೊಜೆಕ್ಟರನ್ನೂ ಸಂಶಯಿಸಿ. ಡಿಜಿಟಲ್ ಸಿನಿಮಾಕ್ಕೆ ಪರದೆಯ ನಡುವೆ 48 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕೆಂಬುದು ಮಾನದಂಡ. ದೀಪ ಹಳತಾದರೆ ಅದು ಇಳಿಯುತ್ತದೆ, ಮೊದಲು ಹಾಳಾಗುವುದು ಕತ್ತಲ ದೃಶ್ಯಗಳೇ. ಟೈಟಲ್‌ನ ಬಿಳಿ ಅಕ್ಷರವೂ ಮಾಸಿದ ಪಂಚೆಯಂತೆ ಕಂಡಿತ್ತೇ? ಹಾಗಿದ್ದರೆ ದೋಷ ಥಿಯೇಟರಿನದು. ಮೊಬೈಲಿನಲ್ಲಿ ನೋಡಿದ್ದರೆ ಅದನ್ನೂ ಒಂದು ಮಾತಿನಲ್ಲಿ ಹೇಳಿ. 2025ರ ‘ಸು ಫ್ರಮ್ ಸೋ’ ಥರದ ಹಾರರ್ ಕಾಮಿಡಿಗೆ ‘ಭಯವೇ ಆಗಲಿಲ್ಲ’ ಎಂಬ ದೂರು ಸಲ್ಲದು.

ರೊಮಾನ್ಸ್‌ಗೆ ಒಂದೇ ಪ್ರಶ್ನೆ ಸಾಕು: ಇವರಿಬ್ಬರು ಕೂತು ಐದು ನಿಮಿಷ ಮಾತಾಡಿದ್ದರೆ ಕಥೆ ಮುಗಿಯುತ್ತಿತ್ತೇ? ಹೌದು ಎಂದಾದರೆ ಅವರನ್ನು ಅಗಲಿಸಿದ್ದು ಬರವಣಿಗೆಯ ಆಲಸ್ಯ. ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಬಂದಂತೆ ಎರಡು ಭಾಗವಾಗಿ ಬರುವ ಚಿತ್ರಕ್ಕೆ, ನೋಡಿದ್ದು ಯಾವ ಭಾಗ ಎಂದು ಮೊದಲೇ ಬರೆಯಿರಿ. ಮೊದಲ ಭಾಗವಷ್ಟೇ ನೋಡಿ ‘ಅಂತ್ಯ ಸರಿಯಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ.

ಡ್ರಾಮಾದಲ್ಲಿ ‘ನಿಧಾನ’ ಎಂಬುದನ್ನೇ ಬೈಗುಳ ಮಾಡಬೇಡಿ. ಇಡೀ ರಾತ್ರಿ ಯಕ್ಷಗಾನಕ್ಕೆ ಕೂರುವ ಜಿಲ್ಲೆ ನಮ್ಮದು, ನಿಧಾನಕ್ಕೆ ಯಾರೂ ಅಂಜುವುದಿಲ್ಲ. ದೃಶ್ಯ ಮುಗಿದಾಗ ಪಾತ್ರದ ಬಗ್ಗೆ ಹೊಸತೇನಾದರೂ ತಿಳಿದಿದ್ದರೆ ಅದು ನಿಧಾನ, ತಿಳಿಯದಿದ್ದರೆ ಎಳೆತ.

ನಮ್ಮ ಕಡೆಯವರು ತಪ್ಪದೆ ಬರೆಯಬೇಕಾದದ್ದು ಮಾತಿನ ಬಗ್ಗೆ. 2022ರ ‘ಕಾಂತಾರ’ದ ನಂತರ ಕರಾವಳಿ ಎಂದರೆ ದೈವ, ಕೋಲ, ಮಂಗಳೂರು ಕನ್ನಡ ಎಂಬಂತಾಗಿದೆ. ಅಂಕೋಲಾದ ಮೀನುಪೇಟೆ, ಕಾರವಾರದ ಕೊಂಕಣಿ, ಹಾಲಕ್ಕಿ ಸಮುದಾಯದವರ ಕನ್ನಡ, ಶಿರಸಿಯ ಹವ್ಯಕರಾಡುವ ಹವಿಗನ್ನಡ, ಎಲ್ಲದಕ್ಕೂ ಒಂದೇ ರಾಗ ಹಚ್ಚಿದ್ದರೆ ಯಾವ ಪಾತ್ರ, ಯಾವ ದೃಶ್ಯ ಎಂದು ಹೆಸರಿಸಿ ಹೇಳಿ. ಬೆಂಗಳೂರಿನ ವಿಮರ್ಶಕರಿಗೆ ಕೇಳಿಸದ ಅಪಸ್ವರ ಇದು. ಡಬ್ಬಿಂಗ್ ನೋಡಿದ್ದರೆ ಮೂಲ ಭಾಷೆಯ ನಟರ ಧ್ವನಿಗೆ ಅಂಕ ಕೊಡಬೇಡಿ.

ಬರೆದು ಹಾಕಿದ ಮೇಲೆ ಯಾರಾದರೂ ಪಾತ್ರದ ಹೆಸರು, ಅವಧಿಯಂಥ ತಪ್ಪು ತೋರಿಸಿದರೆ ಕೂಡಲೇ ತಿದ್ದಿ. ‘ನಿನಗೆ ಸಿನಿಮಾ ಅರ್ಥವಾಗಿಲ್ಲ’ ಎಂದರೆ ಯಾವ ದೃಶ್ಯ ಎಂದು ಕೇಳಿ. ಹೆಚ್ಚಿನ ಜಗಳ ಅಲ್ಲಿಗೇ ನಿಲ್ಲುತ್ತದೆ. ಒಟಿಟಿಯಲ್ಲಿ ಎರಡನೇ ಸಲ ನೋಡಿ ಮನಸ್ಸು ಬದಲಾದರೆ ಹಳೆಯದನ್ನು ಅಳಿಸದೆ, ಅದರ ಕೆಳಗೆ ತಾರೀಖು ಹಾಕಿ ಹೊಸ ಮಾತು ಸೇರಿಸಿ.